ಇಂಟರ್ನ್‌ಶಿಪ್ಪಿಗೆ ಮನೆ ನೋಡಿದ್ದು

ಗ್ರೀಸು ಮೆತ್ತಿದ ಪ್ಯಾಂಟಿಗೆ ಎರಡನೆಯ ಸಲ ಸೋಪು ಹಚ್ಚಿ, ಕೈಜಾರಿ ಬಿದ್ದ ಬ್ರಷ್ಷಿಗಾಗಿ ಒಗೆಯುವ ಕಲ್ಲಿನ ಹಿಂದೆ ತಡಕಾಡುತ್ತಿದ್ದ ಚಿಕ್ಕಲಕ್ಷ್ಮಮ್ಮನಿಗೆ ನಡುಮನೆಯಿಂದ ಗಂಡನ ದನಿ ಕೇಳಿಸಿತು. ನಾಳೆ ಶುಕ್ರವಾರ, ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಹೊಳೆನರಸೀಪುರದಲ್ಲಿ ಇಳಿದಿರಬೇಕು, ಓಮ್ನಿ ಹೇಳಿದ್ದಾಯಿತು, ಒಟ್ಟು ಏಳು ಜನ ಎಂದು ಅವನು ಫೋನಿನಲ್ಲಿ ಯಾರಿಗೋ ಅಪ್ಪಣೆ ಕೊಡುತ್ತಿದ್ದ. ಕೇಳಿದವರು ಮದುವೆಯೋ ತಿಥಿಯೋ ಎಂದುಕೊಳ್ಳಬೇಕು, ಅಂಥ ಗತ್ತು. ವಿಷಯ ಎರಡೂ ಅಲ್ಲ. ಮಗಳು ಸೌಜನ್ಯ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಪದವಿ ಕೈಗೆ ಬರಬೇಕಾದರೆ ಯಾವುದಾದರೂ ಕೆಲಸದ ಜಾಗದಲ್ಲಿ ಆರು ವಾರ ಇಂಟರ್ನ್‌ಶಿಪ್ ಮಾಡಬೇಕಿತ್ತು. ಸೋಮವಾರದಿಂದ ಶುರು.

ರಂಗಸ್ವಾಮಿ ಅರಕಲಗೂಡಿನ ಬಸ್‌ಸ್ಟ್ಯಾಂಡ್ ಹಿಂದೆ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದವನು. ಸುಟ್ಟ ಮೋಟಾರಿನೊಳಗೆ ಏನು ಕೆಟ್ಟಿದೆಯೆಂದು ಮೂಸಿ ನೋಡಿಯೇ ಹೇಳಬಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಸುಟ್ಟು ಕರಕಾದ ಮೇಲೂ ಅವನ ಮೂಗಿಗೆ ವಾಸನೆ ಬಡಿಯುತ್ತಿರಲಿಲ್ಲ. ಕಾಲೇಜಿನಲ್ಲಿ ಪೋಷಕರನ್ನು ಕರೆಸಿ ಹರ್ಷವರ್ಧನ್ ಎಂಬ ಮೇಷ್ಟ್ರು ಬಹಳ ಮಾತು ಹೇಳಿದ್ದರು. ಹುಡುಗರು ಹೊತ್ತಿಗೆ ಸರಿಯಾಗಿ ಹೋಗಬೇಕು, ಕೊಟ್ಟ ಕೆಲಸ ಮಾಡಬೇಕು, ಹೇಳದೆ ಕೇಳದೆ ರಜ ಹಾಕಬಾರದು, ದಿನದ ಕೆಲಸವನ್ನು ಅಂದೇ ಬರೆದಿಡಬೇಕು, ಅಲ್ಲಿಯ ವ್ಯವಹಾರವನ್ನು ಹೊರಗೆ ಆಡಬಾರದು, ಉಡುಪು ಫಾರ್ಮಲ್ ಆಗಿರಬೇಕು. ಕೊನೆಗೆ, ಹೋಗುವ ಜಾಗವನ್ನು ಪೋಷಕರೂ ಒಮ್ಮೆ ನೋಡಿಕೊಂಡು ಬಂದರೆ ಒಳ್ಳೆಯದು ಎಂದಿದ್ದರು. ಇಷ್ಟರಲ್ಲಿ ರಂಗಸ್ವಾಮಿಯ ತಲೆಗೆ ಹೋದದ್ದು ಕೊನೆಯ ಎರಡು. ಯಾಕೆಂದರೆ ಅವೆರಡರಲ್ಲಿ ಮಾತ್ರ ಅವನಿಗೆ ಯಜಮಾನಿಕೆ ಮಾಡಲು ಜಾಗವಿತ್ತು.

ಜಾಗವನ್ನು ಹುಡುಕಿಕೊಂಡವಳು ಸೌಜನ್ಯಳೇ. ಗೆಳತಿಯ ಅಪ್ಪ ಭತ್ತ ಹಾಕುತ್ತಿದ್ದ ಅಕ್ಕಿ ಮಿಲ್ಲಿನ ನಂಬರು ತೆಗೆದುಕೊಂಡು, ತಾನೇ ಫೋನು ಮಾಡಿ, ಮಿಲ್ಲಿನ ಮಾಲೀಕ ಅರುಣ್‌ಕುಮಾರನಿಗೆ ವಿಷಯ ವಿವರಿಸಿ ಒಪ್ಪಿಸಿದ್ದಳು. ಆ ದಿನ ಅವಳು ಮನೆಯೊಳಗೆ ಓಡಾಡಿದ ರೀತಿಯೇ ಬೇರೆಯಾಗಿತ್ತು. ಅದನ್ನು ಅವಳ ತಾಯಿ ಗಮನಿಸಿದ್ದಳು. ಅಪ್ಪ ಗಮನಿಸಿದ್ದು, ಹೊಳೆನರಸೀಪುರಕ್ಕೆ ಏಳು ಜನ ಹೋಗಿಬರಲು ಓಮ್ನಿಯೇ ಅನುಕೂಲ ಎಂಬುದನ್ನು.

ಬೆಳಿಗ್ಗೆ ಸೌಜನ್ಯ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಬಂದಳು. ರಂಗಸ್ವಾಮಿ ಅಡ್ಡ ನಿಂತ.

"ಫಾರ್ಮಲ್ ಡ್ರೆಸ್ ಅಂದವ್ರೆ ಮೇಷ್ಟ್ರು. ನಮ್ಮ ಕಡೆ ಅಂಥ ಜಾಗುಕ್ಕೆ ಎಣ್ಮಕ್ಳು ರೇಷ್ಮೆ ಸೀರೇಲೇ ಓಗೋದು ಕಣವ್ವ."

"ಅಪ್ಪ, ನಾನು ಹೋಗ್ತಿರೋದು ಭತ್ತದ ಮಿಲ್ಲಿಗೆ," ಎಂದಳು ಮಗಳು. ಭತ್ತ ಲಕ್ಷ್ಮಿ ಎಂದು ಅವನು ಉತ್ತರ ಕೊಟ್ಟ. ಓಮ್ನಿ ಹಾರನ್ ಮಾಡುತ್ತಿತ್ತು. ಹುಡುಗಿ ಸೀರೆ ಉಟ್ಟಳು.

ಚಿಕ್ಕಲಕ್ಷ್ಮಮ್ಮ ತನ್ನ ಪಾಲಿನದನ್ನೂ ಮಾಡಿದಳು. ಹೊಸಬರ ಹೊಸ್ತಿಲಿಗೆ ಬರಿಗೈಯಲ್ಲಿ ಹೋದ ಅಭ್ಯಾಸ ಅವಳ ತವರಿನಲ್ಲೂ ಇರಲಿಲ್ಲ, ಅತ್ತೆಮನೆಯಲ್ಲೂ ಇರಲಿಲ್ಲ. ಒಂದು ಚಿಪ್ಪು ಬಾಳೆಹಣ್ಣು, ಎಲೆ ಅಡಿಕೆ, ತೆಂಗಿನಕಾಯಿ, ಮೊಳ ಮಲ್ಲಿಗೆ, ಎಲ್ಲವನ್ನೂ ಸ್ಟೀಲಿನ ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿದಳು. ರಂಗಸ್ವಾಮಿಯ ಅಣ್ಣ ಅತ್ತಿಗೆ, ಅವನ ಗೆಳೆಯ ಇನ್ಶೂರೆನ್ಸ್ ಏಜೆಂಟ್ ನಟರಾಜು, ನಟರಾಜುವಿನ ಹೆಂಡತಿ, ಮನೆಯವರು ಮೂವರು, ಹೀಗೆ ಏಳು ಜನ. ಓಮ್ನಿ ಹೊರಟಿತು.

ಮಿಲ್ಲು ಊರ ಹೊರಗೆ ನಾಲೆಯ ಪಕ್ಕದಲ್ಲಿತ್ತು. ಮನೆಯೂ ಅದೇ ಕಾಂಪೌಂಡಿನಲ್ಲಿ. ಮನೆಯ ಮುಂಭಾಗದ ಕೋಣೆಯೇ ಆಫೀಸು. ಅಂದು ಅರುಣ್‌ಕುಮಾರ್ ಹಾಸನಕ್ಕೆ ಹೋಗಿದ್ದ, ಗುಮಾಸ್ತ ಬಸವರಾಜು ಮಿಲ್ಲಿನ ಹಿಂದೆ ಲಾರಿ ತುಂಬಿಸುತ್ತಿದ್ದ. ಮನೆಯಲ್ಲಿದ್ದವಳು ಅರುಣ್‌ಕುಮಾರನ ತಾಯಿ ದೇವೀರಮ್ಮ ಒಬ್ಬಳೇ. ಕಾಲೇಜು ಹುಡುಗಿಯೊಬ್ಬಳು ಕೆಲಸ ಕಲಿಯಲು ಬರುತ್ತಾಳೆಂದು ಮಗ ತಾಯಿಗೆ ಹೇಳಿರಲಿಲ್ಲ. ಆಫೀಸಿನ ಮಾತು ಅಡುಗೆಮನೆಗೆ ಯಾಕೆ ಎಂದು ಬಿಟ್ಟಿದ್ದ.

ದೇವೀರಮ್ಮನ ಕಣ್ಣಿಗೆ ಬಿದ್ದದ್ದು ಇಷ್ಟು: ರಾಹುಕಾಲಕ್ಕೆ ಮುಂಚೆ, ಬೆಸ ಸಂಖ್ಯೆಯ ಜನ, ಮುಚ್ಚಿದ ತಟ್ಟೆ, ಹಿರಿಯರ ನಡುವೆ ರೇಷ್ಮೆ ಸೀರೆಯ ಹುಡುಗಿ. ಆ ಸೀಮೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುವುದು ಹೀಗೆಯೇ. ಸಾಲದ್ದಕ್ಕೆ ಚನ್ನರಾಯಪಟ್ಟಣದ ಮದುವೆ ದಲ್ಲಾಳಿ ಕೆಂಚಯ್ಯ ಹಿಂದಿನ ವಾರ ತಾನೇ, ಅರಕಲಗೂಡು ಕಡೆಯವರೊಬ್ಬರು ಮೊದಲು ಮನೆ ನೋಡುತ್ತೇವೆ ಅನ್ನುತ್ತಿದ್ದಾರೆ ಎಂದು ಹೇಳಿ ಕಾಫಿ ಕುಡಿದು ಹೋಗಿದ್ದ. ಅರುಣ್‌ಕುಮಾರನಿಗೆ ಮೂವತ್ತು ದಾಟಿತ್ತು. ಕೇಳಿದ ಹುಡುಗಿಯರೆಲ್ಲ ಮಿಲ್ಲಿನ ಧೂಳು, ಮಿಲ್ಲಿನ ಸದ್ದು ಎಂದು ಬೇಡ ಅಂದಿದ್ದರು. ಈಗ ಹುಡುಗಿಯೇ ಕಾಲಲ್ಲಿ ನಡೆದು ಬಂದಿದ್ದಾಳೆ. ದೇವೀರಮ್ಮ ಸೆರಗು ಸರಿಮಾಡಿಕೊಂಡು ಚಾಪೆ ಹಾಸಿದಳು.

ಆಗ ಯಾರಾದರೂ ಒಬ್ಬರು ಬಂದ ಕಾರಣ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಲ್ಲಿದ್ದವರೆಲ್ಲ ಮರ್ಯಾದಸ್ಥರು. ಮಾಲೀಕರೇ ಕೇಳುವವರೆಗೆ ಕೆಲಸದ ಮಾತು ಎತ್ತಬಾರದು ಎಂದು ನಟರಾಜು ದಾರಿಯುದ್ದಕ್ಕೂ ರಂಗಸ್ವಾಮಿಗೆ ಪಾಠ ಹೇಳಿದ್ದ. ಮೊದಲ ಭೇಟಿಯಲ್ಲೇ ಗಂಡಿನ ತಾಯಿ ಮದುವೆ ಎಂಬ ಮಾತು ಎತ್ತಿದರೆ ಆತುರಗೆಟ್ಟವರು ಅಂದಾರು ಎಂದು ದೇವೀರಮ್ಮ ತುಟಿ ಬಿಗಿಹಿಡಿದಿದ್ದಳು. ಹೀಗೆ ಎರಡೂ ಕಡೆಯವರು ಮಳೆ, ನಾಲೆಯ ನೀರು, ಭತ್ತದ ತಳಿ, ರಾಮನಾಥಪುರದ ಹೊಗೆಸೊಪ್ಪು ಎಲ್ಲವನ್ನೂ ಮಾತಾಡಿದರು. ಸೌಜನ್ಯ ಒಮ್ಮೆ ಬಾಯಿ ತೆರೆದಳು. ದೊಡ್ಡಮ್ಮ ತೊಡೆ ಚಿವುಟಿದಳು, ದೊಡ್ಡೋರು ಮಾತಾಡ್ತಾವ್ರೆ ಎಂದು.

ಆಮೇಲೆ ದೇವೀರಮ್ಮ ಹೆಂಗಸರನ್ನು ಒಳಗೆ ಕರೆದಳು. ದೇವರಮನೆ ತೋರಿಸಿದಳು, ಉಗ್ರಾಣ ತೋರಿಸಿದಳು, ಮಹಡಿಯ ಮೇಲಿನ ಕೋಣೆಗೆ ಬಣ್ಣ ಹೊಡೆಸಬೇಕು, ಯಾವ ಬಣ್ಣವೆಂದು ಹುಡುಗಿಯನ್ನೇ ಕೇಳಬೇಕು ಎಂದಳು. ನಟರಾಜುವಿನ ಹೆಂಡತಿ ಆಫೀಸು ಮಹಡಿಗೆ ಹೋಗುತ್ತದೇನೋ ಎಂದುಕೊಂಡಳು. ಕೊನೆಗೆ ಅಡುಗೆಮನೆ. ಕಪ್ಪು ಕಲ್ಲಿನ ಕಟ್ಟೆ, ಒಳಗೇ ನಲ್ಲಿ, ಗಾಳಿಗೆ ದೊಡ್ಡ ಕಿಟಕಿ. ಉಳಿದವರು ಮುಂದೆ ಹೋದರು. ಚಿಕ್ಕಲಕ್ಷ್ಮಮ್ಮ ನಲ್ಲಿಯ ಹತ್ತಿರ ನಿಂತಳು.

ದೇವೀರಮ್ಮ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು: "ನಂಗೂ ಮಂಡಿ ನೋವು ಕಣವ್ವ. ಇನ್ನೇನಿದ್ರೂ ನಿಮ್ಮ ಮಗ್ಳೇ ಬಂದು ನಡೆಸ್ಕಂಡು ಓಗಬೇಕು."

ಚಿಕ್ಕಲಕ್ಷ್ಮಮ್ಮನಿಗೆ ಆ ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. ಏಳು ಜನರಲ್ಲಿ ಅವಳೊಬ್ಬಳಿಗೆ. ಅಲ್ಲ ಕಣಕ್ಕ, ನಾವು ಬಂದಿರೋದು ಅದಕ್ಕಲ್ಲ ಎಂಬ ಮಾತು ನಾಲಗೆಯ ತುದಿಗೂ ಬಂತು. ಅವಳು ನಲ್ಲಿಯನ್ನು ನೋಡಿದಳು. ಕಿಟಕಿಯನ್ನು ನೋಡಿದಳು. ಒಬ್ಬನೇ ಮಗ, ಮೆತ್ತನೆಯ ಅತ್ತೆ, ಮನೆಯ ಮುಂದೆಯೇ ಬಸ್ಸು. ಬಂದ ಮಾತನ್ನು ನುಂಗಿ ಬೇರೆ ಮಾತು ಆಡಿದಳು.

"ಮನೆ ಒಪ್ಪಿಗೆ ಆಯ್ತು ಕಣಕ್ಕ."

ಹೆಣ್ಣಿನ ತಾಯಿ ಗಂಡಿನ ಅಡುಗೆಮನೆಯಲ್ಲಿ ನಿಂತು ಆಡಿದ ಈ ಮಾತಿನ ಮೇಲೆ ಆ ಕಡೆ ಚಪ್ಪರ ಹಾಕಿಸಿದವರಿದ್ದಾರೆ. ದೇವೀರಮ್ಮ ಸೌಜನ್ಯಳನ್ನು ಕರೆದು ಹಣೆಗಿಟ್ಟು, ಮಲ್ಲಿಗೆ ಮುಡಿಸಿ, ಕೈಗೆ ರವಿಕೆ ಬಟ್ಟೆ ಕೊಟ್ಟಳು. ವಾಪಸು ಬರುವಾಗ ರಂಗಸ್ವಾಮಿ ಓಮ್ನಿಯಲ್ಲಿ ಹಿಗ್ಗಿ ಹೀರೇಕಾಯಾಗಿದ್ದ. ಇಂಟರ್ನ್‌ಶಿಪ್ ಹುಡುಗಿಗೆ ಇಷ್ಟು ಮರ್ಯಾದೆ ಕೊಡುವ ಕಂಪನಿ ಬೆಂಗಳೂರಿನಲ್ಲೂ ಇಲ್ಲ ಎಂದ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ವೆಲ್‌ಕಮ್ ಕಿಟ್ ಅನ್ನುತ್ತಾರೆ ಎಂದು ನಟರಾಜು ರವಿಕೆ ಬಟ್ಟೆಯನ್ನು ತೋರಿಸಿ ವಿವರಿಸಿದ. ಚಿಕ್ಕಲಕ್ಷ್ಮಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಹಾಸನದಿಂದ ಹುಡುಗ ಬಂದರೆ ತಾನಾಗಿ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಸರಿಹೋಗದಿದ್ದರೂ ಇರಲಿ ಎಂದು ಅವಳೊಳಗೆ ಇನ್ನೊಬ್ಬಳು ಹೇಳಿದಳು.

ಹುಡುಗ ಬಂದ. ಸರಿಹೋಗಲಿಲ್ಲ. ಮಗನಿಂದ ಇಂಟರ್ನ್‌ಶಿಪ್ ಎಂಬ ಮಾತು ಕೇಳಿದ ದೇವೀರಮ್ಮ, ಅದೇನೂ ಅಲ್ಲ, ಈಗಿನ ಕಾಲದ ಹುಡುಗಿಯರು ಹೀಗೆ ಒಂದು ನೆಪ ಮಾಡಿಕೊಂಡು ಬಂದು ಗಂಡನ್ನು ಆರು ವಾರ ಪರೀಕ್ಷೆ ಮಾಡುತ್ತಾರೆ, ನೀನು ಬಾಯಿ ಮುಚ್ಚಿಕೊಂಡು ನೆಟ್ಟಗಿರು ಎಂದಳು. ಬೇಡ ಅನ್ನಿಸಿಕೊಂಡು ಬೇಸತ್ತಿದ್ದ ಅರುಣ್‌ಕುಮಾರ್ ನಂಬಿದ. ಹೀಗಾಗಿ ಸೋಮವಾರದಿಂದ ಆ ಆಫೀಸಿನಲ್ಲಿ ನಿಜವಾದ ಇಂಟರ್ನ್‌ಶಿಪ್ ಮಾಡಲು ಶುರುಮಾಡಿದವನು ಅವನೇ.

ಸೌಜನ್ಯ ಒಳಗೆ ಬಂದಾಗ ಅವನು ಎದ್ದು ನಿಂತ. ಮಾಲೀಕರು ನಿಂತರಲ್ಲಾ ಎಂದು ಅವಳು ಕೂರಲಿಲ್ಲ. ಇಬ್ಬರೂ ನಿಂತಿದ್ದಾರಲ್ಲಾ ಎಂದು ಗುಮಾಸ್ತ ಬಸವರಾಜು ಎದ್ದ. ಮೂವರೂ ಸುಮಾರು ಹೊತ್ತು ರಾಷ್ಟ್ರಗೀತೆಗೆ ನಿಂತಂತೆ ನಿಂತಿದ್ದರು. ಏನು ಕೆಲಸ ಮಾಡಲಿ ಸಾರ್ ಎಂದು ಅವಳು ಕೇಳಿದರೆ, ನಿಮ್ಮಿಷ್ಟ, ನನ್ನದೇನೂ ಬಲವಂತವಿಲ್ಲ ಎಂದ. ಮಿಲ್ಲಿನ ಲೆಕ್ಕಪತ್ರ ನೋಡಬಹುದಾ ಎಂದರೆ ಜಮೀನಿನ ಪಹಣಿ ತಂದಿಟ್ಟ. ಕೆಲಸದ ಹೊತ್ತು ಯಾವುದು ಎಂದು ಕೇಳಿದ್ದಕ್ಕೆ, ಸಂಜೆ ಏಳಕ್ಕೆಲ್ಲ ಮನೆ ಸೇರಿಬಿಡುತ್ತೇನೆ, ಕುಡಿಯೋದು ಸೇದೋದು ಏನೂ ಇಲ್ಲ ಎಂದು ನೆಲ ನೋಡಿಕೊಂಡು ಹೇಳಿದ. ದಿನವೂ ಗಡ್ಡ ಕೆರೆದುಕೊಂಡು ಬರುತ್ತಿದ್ದ ಅವನನ್ನು ಕಂಡು ಹಮಾಲಿಗಳು, ಯಜಮಾನ್ರ ಮೇಲೆ ಯಾವ್ದೋ ತನಿಖೆ ಬಂದದೆ ಎಂದು ಮಾತಾಡಿಕೊಂಡರು.

ಸೌಜನ್ಯಳಿಗೆ ಮಜ್ಜಿಗೆ ಬಂತು, ಪೇಪರು ಬಂತು, ಫ್ಯಾನು ಬಂತು. ಕೆಲಸ ಬರಲಿಲ್ಲ. ನಾಳೆ ಮನೆ ಸೊಸೆಯಾಗುವವಳ ಕೈಯಲ್ಲಿ ಬಿಲ್ಲು ಬರೆಸಿದರೆ ಊರವರು ಏನಂದಾರು ಎಂದು ದೇವೀರಮ್ಮ ಬಸವರಾಜುವಿಗೆ ತಾಕೀತು ಮಾಡಿದ್ದಳು. ಸಂಜೆ ಬಂದು ಹುಡುಗಿ ತಾಯಿಯ ಮುಂದೆ ಗೋಳು ತೋಡಿಕೊಳ್ಳುತ್ತಿದ್ದಳು. ದಿನದ ಕೆಲಸ ಬರೆಯಬೇಕಲ್ಲ, ಇವತ್ತು ಏನಂತ ಬರೀಲಿ, ಹೆಸರುಬೇಳೆ ಪಾಯಸ ಅಂತ ಬರೀಲಾ ಎಂದು ಕೇಳುತ್ತಿದ್ದಳು. ವಯಸ್ಸಾದೋರು, ಏನೋ ಪ್ರೀತಿ, ಕೆಲಸ ಇವತ್ತಲ್ಲ ನಾಳೆ ಕೊಡುತ್ತಾರೆ ಎಂದು ಚಿಕ್ಕಲಕ್ಷ್ಮಮ್ಮ ಸಮಾಧಾನ ಹೇಳುತ್ತಿದ್ದಳು. ಹೇಳುವಾಗ ಮಗಳ ಮುಖ ನೋಡುತ್ತಿರಲಿಲ್ಲ.

ಒಂದು ದಿನ ಮಾತ್ರ ಬೇರೆಯಾಯಿತು. ದೇವೀರಮ್ಮ ಹಾಸನದ ಆಸ್ಪತ್ರೆಗೆ ಮಂಡಿ ತೋರಿಸಲು ಮಗನ ಜೊತೆ ಹೋಗಿದ್ದಳು. ಆ ಹೊತ್ತಿಗೇ ಕಟ್ಟಾಯ ಕಡೆಯಿಂದ ಭತ್ತದ ಲಾರಿಗಳು ಒಂದರ ಹಿಂದೆ ಒಂದು ಬಂದು ನಿಂತವು. ಬಸವರಾಜುವಿಗೆ ಒಬ್ಬನೇ ಸುಧಾರಿಸಲಾಗದೆ, ಅಮ್ಮಣ್ಣಿ, ಸ್ವಲ್ಪ ಕೈ ಹಾಕ್ತೀರಾ ಎಂದ. ಅವಳು ಸೆರಗು ಸಿಕ್ಕಿಸಿಕೊಂಡು ತೂಕ ಬರೆದಳು, ಮೀಟರಿನಲ್ಲಿ ಭತ್ತದ ತೇವ ನೋಡುವುದು ಕಲಿತಳು, ಸರದಿ ತಪ್ಪಿಸಲು ಬಂದ ಡ್ರೈವರನೊಬ್ಬನನ್ನು ಹಿಂದಕ್ಕೆ ಕಳಿಸಿದಳು. ಸಂಜೆ ತಲೆತುಂಬ ಹೊಟ್ಟು ಮೆತ್ತಿಕೊಂಡು ಬಂದವಳು ನಿಂತಲ್ಲೇ ನಿಂತು ಹೇಳಿದ್ದೇ ಹೇಳಿದ್ದು. ತೇವ ಜಾಸ್ತಿಯಿದ್ದರೆ ಅಕ್ಕಿ ನುಚ್ಚಾಗುತ್ತದೆ, ಗೊತ್ತಾ ಅಮ್ಮ ಎಂದಳು. ಚಿಕ್ಕಲಕ್ಷ್ಮಮ್ಮ ಆ ಮುಖವನ್ನು ನೋಡಿದಳು. ಇನ್ನೂ ಹೊತ್ತು ಮೀರಿಲ್ಲ, ದೇವೀರಮ್ಮನಿಗೆ ಒಂದು ಫೋನು ಮಾಡಿದರೆ ಆಯಿತು ಅನ್ನಿಸಿತು. ಫೋನು ಕೈಗೆ ತೆಗೆದುಕೊಂಡೂ ಬಿಟ್ಟಳು. ಆಮೇಲೆ ಒಲೆಯ ಮೇಲೆ ಹಾಲು ಇದೆಯೆಂದು ಒಳಗೆ ಹೋದಳು. ಹಾಲು ಇನ್ನೂ ಬೆಚ್ಚಗೂ ಆಗಿರಲಿಲ್ಲ.

ಹುಡುಗಿಯನ್ನು ಧೂಳಿನಲ್ಲಿ ನಿಲ್ಲಿಸಿದ್ದಕ್ಕೆ ಮಾರನೆಯ ದಿನ ಬಸವರಾಜುವಿಗೆ ಮಂಗಳಾರತಿಯಾಯಿತು. ಸೌಜನ್ಯಳ ಕುರ್ಚಿ ಆಫೀಸಿನಿಂದ ಒಳಜಗಲಿಗೆ ಬಂತು.

ಮೂರನೆಯ ವಾರ ಹರ್ಷವರ್ಧನ್ ಮೇಷ್ಟ್ರು ಹೇಳದೆ ಕೇಳದೆ ತಪಾಸಣೆಗೆ ಬಂದರು. ಅವರ ವಿದ್ಯಾರ್ಥಿನಿ ದೇವೀರಮ್ಮನ ಪಕ್ಕ ಕೂತು ನೆನೆದ ಅವರೆಕಾಳು ಹಿತಕುತ್ತಿದ್ದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಅರುಣ್‌ಕುಮಾರನನ್ನು, ಇವಳ ಕೆಲಸ ಹೇಗಿದೆ, ನಿಮಗೆ ತೃಪ್ತಿಯಾ ಎಂದು ಕೇಳಿದರು.

ಅರುಣ್‌ಕುಮಾರ್ ಬೆವರು ಒರೆಸಿಕೊಂಡ. "ನಂಗೆ ತೃಪ್ತಿನೇ ಸಾ. ಅವ್ರಿಗೆ ನಾನು ಆಯ್ತೀನಾ ಅಂತ ನೀವೇ ಒಂದು ಮಾತು ಕೇಳಿ ಏಳ್ಬುಡಿ."

ಬಂದವರು ಹುಡುಗಿಯ ಸೋದರಮಾವನಿರಬೇಕೆಂದುಕೊಂಡು ಅಷ್ಟರಲ್ಲಿ ಒಳಗಿನಿಂದ ಒಬ್ಬಟ್ಟು ತಂದಿದ್ದ ದೇವೀರಮ್ಮ, ಲಗ್ನ ಯುಗಾದಿ ಕಳೆದು ಇಟ್ಟುಕೊಳ್ಳೋಣವೇ ಎಂದು ವಿನಯವಾಗಿ ವಿಚಾರಿಸಿದಳು. ಸೌಜನ್ಯಳ ಕೈಯಿಂದ ಅವರೆಕಾಳಿನ ಬೋಗುಣಿ ಜಾರಿತು. ಮೇಷ್ಟ್ರು ಒಬ್ಬಟ್ಟನ್ನು ಬಾಯಿಗಿಟ್ಟಿದ್ದರು. ನುಂಗುವುದೋ ಉಗುಳುವುದೋ ತಿಳಿಯದೆ ಹಾಗೆಯೇ ರಂಗಸ್ವಾಮಿಗೆ ಫೋನು ಮಾಡಿದರು.

ರಂಗಸ್ವಾಮಿ ನಟರಾಜುವಿನ ಸ್ಕೂಟರಿನಲ್ಲಿ ಹೋಗಿ ಇಳಿದ. ಅಲ್ಲಿ ನಡೆದದ್ದನ್ನು ಅವನು ಮನೆಯಲ್ಲಿ ಹಲವು ಸಲ ಹೇಳಿದ. ಪ್ರತಿ ಸಲವೂ ಅವನ ದನಿ ಜೋರಾಗಿಯೂ ದೇವೀರಮ್ಮನ ದನಿ ಸಣ್ಣದಾಗಿಯೂ ಇರುತ್ತಿತ್ತು. ಸೌಜನ್ಯಳ ಪ್ರಕಾರ ನಡೆದದ್ದು ತಿರುಗುಮುರುಗು. ನಾವು ಮದುವೆ ಎಂಬ ಮಾತು ಆಡಿದ್ದೇವಾ ಎಂದು ರಂಗಸ್ವಾಮಿ ಕೇಳಿದ್ದಕ್ಕೆ ದೇವೀರಮ್ಮ ಒಂದೇ ಮಾತು ಹೇಳಿದ್ದಳು, ನಿನ್ನ ಹೆಂಡತಿ ನನ್ನ ಅಡುಗೆಮನೆಯಲ್ಲಿ ನಿಂತು ಮನೆ ಒಪ್ಪಿಗೆ ಆಯಿತು ಅಂದಳಲ್ಲ ಎಂದು. ಅದಕ್ಕೆ ರಂಗಸ್ವಾಮಿಯ ಉತ್ತರವೂ ಒಂದೇ. ನಮ್ಮ ಹೆಂಗಸರಿಗೆ ಏನು ಗೊತ್ತಾಗುತ್ತೆ, ಮಾತಿಗೆ ಏನೋ ಅಂದಿರುತ್ತಾಳೆ.

ಈ ಉತ್ತರವನ್ನು ಎಲ್ಲರೂ ಒಪ್ಪಿದರು. ಹರ್ಷವರ್ಧನ್ ಒಪ್ಪಿದರು, ನಟರಾಜು ಒಪ್ಪಿದ, ಅರುಣ್‌ಕುಮಾರನೂ ತಲೆಯಾಡಿಸಿದ. ಏನೂ ತಿಳಿಯದ ಹೆಂಗಸು ಎಂಬ ಹೆಸರು ಒಂದು ಕಂಬಳಿ. ಅದನ್ನು ಹೊದ್ದುಕೊಂಡು ಚಿಕ್ಕಲಕ್ಷ್ಮಮ್ಮ ಬೆಚ್ಚಗೆ ಕೂತಳು. ಆದರೆ ತಪ್ಪು ಯಾರ ಮೇಲಾದರೂ ಬೀಳಲೇಬೇಕಲ್ಲ. ತಾಯಿಗೆ ಗೊತ್ತಿರಲಿಲ್ಲ ಎಂದಾದರೆ ಮಗಳಿಗೆ ಗೊತ್ತಿತ್ತು ಎಂದು ದೇವೀರಮ್ಮ ತೀರ್ಮಾನಿಸಿದಳು. ಓದಿದ ಹುಡುಗಿ, ಹೂವು ಮುಡಿಸಿದಾಗಲೂ ಸುಮ್ಮನಿದ್ದಳು, ಬೇಕೆಂದೇ ನನ್ನ ಮಗನನ್ನು ಕುಣಿಸಿ ನಗಾಡಿದಳು, ಇನ್ನು ಈ ಗೇಟಿನೊಳಗೆ ಅವಳು ಕಾಲಿಡಬಾರದು ಎಂದುಬಿಟ್ಟಳು. ಮಗನ ಲಗ್ನದ ಸುದ್ದಿಯನ್ನು ನೆಂಟರಿಷ್ಟರಿಗೆಲ್ಲ ಹೇಳಿಕೊಂಡಿದ್ದ ಹೆಂಗಸು. ಹೀಗೆನ್ನುವಾಗ ಅತ್ತಳಂತೆ.

ಕಾಲೇಜಿನ ನಿಯಮ ಕಾಲೇಜಿನದು. ಉಳಿದ ವಾರಗಳಲ್ಲಿ ಬೇರೆ ಜಾಗಕ್ಕೆ ಅವಕಾಶವಿಲ್ಲ, ಅದೇ ಮಿಲ್ಲಿನಲ್ಲಿ ನೆಟ್ಟಗೆ ಕೆಲಸ ಮಾಡಿ ಮುಗಿಸಿದರೆ ನಾನು ಹೇಗೋ ಹೊಂದಿಸುತ್ತೇನೆ, ಇಲ್ಲದಿದ್ದರೆ ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಎಂದು ಮೇಷ್ಟ್ರು ಹೇಳಿದರು. ಅರುಣ್‌ಕುಮಾರನನ್ನು ಸೌಜನ್ಯ ಫೋನಿನಲ್ಲಿ ಕೇಳಿಕೊಂಡಳು. ಪಾಪ, ಅವನು ಕೆಟ್ಟವನಲ್ಲ. ಅಮ್ಮ ಊ ಅಂದ್ರೆ ನಂದೇನೂ ಅಡ್ಡಿಯಿಲ್ಲ ಎಂದ.

ರಂಗಸ್ವಾಮಿಯ ಬಳಿ ಉಪಾಯವಿತ್ತು. ಈ ಸಲ ಒಂಬತ್ತು ಜನ ಹೋಗೋಣ, ಓಮ್ನಿ ಸಾಲದು, ಟೆಂಪೋ ಹೇಳೋಣ ಎಂದ. ಮಗಳು ಎದ್ದು ಒಳಗೆ ಹೋದಳು.

ಚಿಕ್ಕಲಕ್ಷ್ಮಮ್ಮ ಹುರುಳಿಕಾಳು ಬೇಯಲಿಟ್ಟು ಬಂದಾಗ ಸೌಜನ್ಯ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಅಮ್ಮ, ಅವತ್ತು ಆ ಮನೇಲಿ ನಿಂಗೆ ಏನೂ ಗೊತ್ತಾಗ್ಲಿಲ್ವಾ?"

"ನಂಗೆ ಎಂಗೆ ಗೊತ್ತಾಗ್ಬೇಕು," ಎಂದಳು ತಾಯಿ, ಸೌಟು ಹುಡುಕುತ್ತ.

"ವರ್ಷ ಹೋದ್ರೆ ಹೋಗ್ಲಿ ಅಮ್ಮ. ಅವ್ರು ನನ್ನ ಮೋಸಗಾತಿ ಅಂದ್ಕೊಂಡ್ರಲ್ಲ," ಎಂದಳು ಮಗಳು. ಅಳಲಿಲ್ಲ. ಅತ್ತಿದ್ದರೆ ತಾಯಿಗೆ ಸುಲಭವಾಗುತ್ತಿತ್ತು.

ಅವಳು ಹೋದ ಮೇಲೆ ಚಿಕ್ಕಲಕ್ಷ್ಮಮ್ಮ ಒಲೆಯ ಮುಂದೆ ನಿಂತು ಲೆಕ್ಕ ಹಾಕಿದಳು. ನಾಳೆ ಒಂಬತ್ತಕ್ಕೆ ಗಂಡ ಅಂಗಡಿಗೆ ಹೋಗುತ್ತಾನೆ. ಆಮೇಲೆ ಹೊಳೆನರಸೀಪುರಕ್ಕೆ ಬಸ್ಸು ಇದ್ದೇ ಇದೆ. ಆ ಹೊತ್ತಿಗೆ ದೇವೀರಮ್ಮ ಜಗಲಿಯಲ್ಲಿ ಒಬ್ಬಳೇ ಇರುತ್ತಾಳೆ. ಹೆಚ್ಚು ಮಾತು ಬೇಕಾಗುವುದಿಲ್ಲ. ಅಕ್ಕ, ನಿಮ್ಮ ಅಡುಗೆಮನೆಯಲ್ಲಿ ನಿಂತಾಗಲೇ ನನಗೆ ಗೊತ್ತಾಯಿತು, ಗೊತ್ತಿದ್ದೂ ಒಪ್ಪಿಗೆ ಅಂದೆ, ಹುಡುಗಿಗೆ ಏನೂ ಗೊತ್ತಿರಲಿಲ್ಲ. ಅಷ್ಟೇ. ದೇವೀರಮ್ಮ ಬಯ್ಯುತ್ತಾಳೆ. ಹಮಾಲಿಗಳು ಚೀಲ ಇಳಿಸಿ ಕೇಳುತ್ತಾರೆ. ಸಂಜೆಯ ಬಸ್ಸಿಗೆ ಸುದ್ದಿ ಅರಕಲಗೂಡಿಗೆ ಬರುತ್ತದೆ, ಅಣ್ಣ ಅತ್ತಿಗೆಯ ಮನೆಗೆ, ನಟರಾಜುವಿನ ಮನೆಗೆ, ಅಂಗಡಿಗೆ. ನಮ್ಮ ಹೆಂಗಸರಿಗೆ ಏನು ಗೊತ್ತಾಗುತ್ತೆ ಎಂದು ಇನ್ನು ಮೇಲೆ ಯಾರೂ ಅವಳ ಪರವಾಗಿ ಹೇಳುವುದಿಲ್ಲ. ಬೆಂದ ಕಾಳಿಗೆ ಅವಳು ಇನ್ನೊಂದು ಚೊಂಬು ನೀರು ಸುರಿದಳು, ಇನ್ನಷ್ಟು ಕಾಯಿ ರುಬ್ಬಿ ಹಾಕಿದಳು.

ಊಟಕ್ಕೆ ಕೂತ ರಂಗಸ್ವಾಮಿ ಪಾತ್ರೆಯೊಳಗೆ ಬಗ್ಗಿ ನೋಡಿದ.

"ಇಷ್ಟೊಂದು ಬಸ್ಸಾರು ಯಾಕ್ ಮಾಡ್ದೆ? ಯಾರಾದ್ರೂ ಬತ್ತಾವ್ರಾ?"

"ಇಲ್ಲ," ಎಂದಳು ಚಿಕ್ಕಲಕ್ಷ್ಮಮ್ಮ, ಅವನ ತಟ್ಟೆಗೆ ಮುದ್ದೆ ಇಡುತ್ತ. "ನಾಳೆ ಮಧ್ಯಾಹ್ನಕ್ಕೂ ಆಯ್ತದೆ."

ಮಾರನೆಯ ದಿನದ ಬಸ್ಸಾರಿಗೇ ರುಚಿ ಹೆಚ್ಚು ಎಂದು ಅವನು ಒಪ್ಪಿಕೊಂಡು ಉಣ್ಣತೊಡಗಿದ.